ಮಾವಳದ ಗದ್ದೆಯಲ್ಲಿ ಮೂರು ದಿನ

ಪುಣೆಯಿಂದ ಲೋಣಾವಳಾ ಲೋಕಲ್ ಹತ್ತಿದರೆ, ತಳೇಗಾಂವ್ ದಾಟಿದ ಮೇಲೆ ಕಟ್ಟಡಗಳು ವಿರಳವಾಗಿ ಭತ್ತದ ಗದ್ದೆಗಳು ಕಾಣತೊಡಗುತ್ತವೆ. ಇದು ಮಾವಳ. ಪುಣೆಯ ನಾವೆಲ್ಲ ಅಂಗಡಿಯಲ್ಲಿ ಕೇಳಿ ತರುವ ಇಂದ್ರಾಯಣಿ ಅಕ್ಕಿ ಈ ಸೀಮೆಯದೇ. ಆಂಬೆಮೊಹರ್ ಮತ್ತು ಐಆರ್ 8 ಕೂಡಿಸಿ ವಡಗಾಂವ್ ಸಂಶೋಧನಾ ಕೇಂದ್ರದವರು 1987ರಲ್ಲಿ ಹೊರತಂದ ತಳಿ.

ಕಳೆದ ಜುಲೈಯಲ್ಲಿ ಮಗಳ ಶಾಲೆಯ ಎಂಟನೇ ತರಗತಿಯ ಮಕ್ಕಳು ಕಾಮಶೇತ್ ಹತ್ತಿರದ ರೈತರ ಮನೆಯಲ್ಲಿ ಮೂರು ದಿನ ಉಳಿದು ನಾಟಿ ಮಾಡಿದರು. ಜೊತೆಗೆ ಹೋದ ತಾಯಂದಿರಲ್ಲಿ ನಾನೂ ಒಬ್ಬಳು.

ನಮ್ಮ ಉಡುಪಿ ಕಡೆಯ ನೇಜಿ ಅಲ್ಲಿ ರೋಪ. ನಾಟಿಗೆ ಲಾವಣಿ ಅನ್ನುತ್ತಾರೆ! ಹಾಡಿನ ಲಾವಣಿಯನ್ನಷ್ಟೇ ಕೇಳಿದ್ದ ನನಗೆ ನಗು ಬಂತು. ಸಸಿಮಡಿಯ ನೆಲದ ಮೇಲೆ ಬೇಸಿಗೆಯಲ್ಲೇ ಸೊಪ್ಪು, ಸೆಗಣಿ ಹರಡಿ ಸುಟ್ಟಿರುತ್ತಾರೆ, ಅದು ರಾಬ. ಸಸಿಯನ್ನು ಬುಡದಲ್ಲಿ ಹಿಡಿದು ಕೀಳಬೇಕು, ಬೇರಿನ ಕೆಸರು ತೊಳೆದು ಕಟ್ಟು ಕಟ್ಟಬೇಕು. ನೆಡುವಾಗ ಎರಡು ಮೂರು ಸಸಿ, ಮೇಲೆ ಮೇಲೆ. ಆಳಕ್ಕೆ ಊರಿದರೆ ತೆಂಡೆ ಸರಿಯಾಗಿ ಒಡೆಯುವುದಿಲ್ಲ. ಹಿಂದೆ ಹಿಂದೆ ಸರಿಯುತ್ತ ಬಗ್ಗಿಯೇ ಇರಬೇಕು. ಅರ್ಧ ಗಂಟೆಯಲ್ಲಿ ಮಕ್ಕಳ ಸೊಂಟ ಬಿತ್ತು. ಅವರು ನೆಟ್ಟ ಸಸಿಗಳಲ್ಲಿ ಎಷ್ಟೋ ನೀರಿನಲ್ಲಿ ತೇಲಿದವು. ಸಂಜೆ ಮನೆಯಾಕೆ ಮಾತಿಲ್ಲದೆ ಅವನ್ನೆಲ್ಲ ಮತ್ತೆ ನೆಟ್ಟರು.

"ನಿಮಗೆ ಇದರಿಂದ ನಷ್ಟವೇ ಅಲ್ಲವಾ ಮಾವಶಿ?" ಎಂದು ಕೇಳಿದೆ. ಈಗ ಆಳು ಸಿಗುವುದೇ ಕಷ್ಟವಂತೆ, ಸಿಕ್ಕರೂ ಕೂಲಿ ದುಬಾರಿ. ಮಕ್ಕಳ ಊಟ, ವಸತಿಗೆ ಬರುವ ಹಣದಲ್ಲಿ ಉಳಿದ ಗದ್ದೆಗಳ ಕೂಲಿ ಹುಟ್ಟುತ್ತದೆ ಎಂದರು. ಲೆಕ್ಕ ಸರಿಯಾಗಿಯೇ ಇತ್ತು.

ಆ ಮನೆಯ ಹುಡುಗಿಯೂ ಎಂಟನೇ ತರಗತಿ. ನಮ್ಮ ಮಕ್ಕಳಿಗೆ ನೆಡಲು ಕಲಿಸಿದವಳು ಅವಳೇ. ನಾಟಿ ಶುರುವಾದ ಮೇಲೆ ಶಾಲೆಗೆ ಹೋಗಿರಲಿಲ್ಲ. ನಮ್ಮ ಮಕ್ಕಳಿಗೆ ಈ ಮೂರು ದಿನಕ್ಕೆ ಹಾಜರಿ ಉಂಟು, ವರದಿ ಬರೆದರೆ ಅಂಕವೂ ಉಂಟು. ಅವಳಿಗೆ ಗೈರುಹಾಜರಿ. ಶಿಕ್ಷಕಿಯೊಬ್ಬರಿಗೆ ಇದನ್ನು ಹೇಳಿದೆ. "ಹೌದಲ್ಲ," ಎಂದು ಸುಮ್ಮನಾದರು.

ಕೊನೆಯ ರಾತ್ರಿ ಆ ಹುಡುಗಿ ನನ್ನ ಮಗಳ ಹತ್ತಿರ ವಿಜ್ಞಾನದ ಪಾಠ ಎಲ್ಲಿಯವರೆಗೆ ಆಗಿದೆ ಎಂದು ಕೇಳಿದಳು. ಇವಳು ಕಲಿಯುವುದು ಇಂಗ್ಲಿಷಿನಲ್ಲಿ, ಅವಳು ಮರಾಠಿಯಲ್ಲಿ. ಮಗಳ ಮರಾಠಿ ಅವಳ ಕನ್ನಡಕ್ಕಿಂತ ಚೆನ್ನಾಗಿದೆ, ಅದು ಬೇರೆ ಮಾತು. ಇಬ್ಬರೂ ಪಡಸಾಲೆಯ ಬಲ್ಬಿನ ಕೆಳಗೆ ಕೂತು ಸೂಕ್ಷ್ಮಜೀವಿಗಳ ಪಾಠವನ್ನು ಮರಾಠಿಯಲ್ಲಿ ಹೇಳಿಕೊಂಡರು. ಅರ್ಧವಾಗುವಷ್ಟರಲ್ಲಿ ಕರೆಂಟು ಹೋಯಿತು. ಟಾರ್ಚ್ ಹಿಡಿದು ಮುಂದುವರಿಸಿದರು.