ಬೀಗ ಹಾಕಿದ ಮನೆಯ ಮಾಡು

ವೈಶಾಖ ಮುಗಿಯುವ ಹೊತ್ತಿಗೆ ಕುಮಟೆಯ ಯಾವ ಕೇರಿಗೆ ಹೋದರೂ ಮಾಡಿನ ಮೇಲೆ ಮನುಷ್ಯರು ಕಾಣುತ್ತಾರೆ. ಒಬ್ಬ ನೆತ್ತಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹಂಚು ಸರಿಸುತ್ತಿರುತ್ತಾನೆ, ಇನ್ನೊಬ್ಬ ಏಣಿಯ ನಡುವೆ ನಿಂತು ಹೊಸ ಹಂಚು ದಾಟಿಸುತ್ತಿರುತ್ತಾನೆ. ಕೆಳಗೆ ಅಂಗಳದಲ್ಲಿ ಮನೆಯವರು ಒಡೆದದ್ದು, ಸೀಳಿದ್ದು, ಪಾಚಿ ತಿಕ್ಕಿದರೆ ಇನ್ನೊಂದು ಮಳೆಗಾಲ ತಡೆಯುವಂಥದ್ದು ಎಂದು ಬೇರೆಬೇರೆ ರಾಶಿ ಹಾಕುತ್ತಾರೆ. ಹಂಚು ಕೈಯಾಡಿಸುವ ಈ ಕೆಲಸ ಮಿರ್ಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆ ಹಿಡಿಯುವುದರೊಳಗೆ ಮುಗಿಯಲೇಬೇಕು. ಜೂನಿನಿಂದ ಸೆಪ್ಟೆಂಬರಿನ ತನಕ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರುಗಳಿವು. ಕುಮಟೆ, ಹೊನ್ನಾವರ, ಭಟ್ಕಳದಲ್ಲಿ ಮನೆ ಕಟ್ಟಿದವನಿಗೆ ಕಟ್ಟುವ ಖರ್ಚು ಒಂದು ಸಲ, ಕಾಯುವ ಖರ್ಚು ವರ್ಷವರ್ಷವೂ.

ಮೊದಲೆಲ್ಲ ಈ ಕೆಲಸ ಮಾಡಿಸುತ್ತಿದ್ದದ್ದು ನೆರೆಯವರ ಬಾಯಿ. ಮೀನು ಪೇಟೆಯಲ್ಲಿ, ದೇವಸ್ಥಾನದ ಪೌಳಿಯಲ್ಲಿ, ಬಸ್ಸಿಗೆ ಕಾಯುವಾಗ ಒಂದೇ ಪ್ರಶ್ನೆ: “ನಿಮ್ಮನೆ ಹಂಚು ಕೈಯಾಡಿಸಿ ಆಯ್ತಾ?” ಆಗಿಲ್ಲ ಎಂದರೆ ಕೆಲಸದವನ ಹೆಸರು ಹೇಳುತ್ತಿದ್ದರು, ತಮ್ಮನೆಯಲ್ಲಿ ಮಿಕ್ಕ ಹಂಚು ಇದ್ದರೆ ಒಯ್ಯಲು ಹೇಳುತ್ತಿದ್ದರು. ಕೇಳುವುದು ಮತ್ತು ಕೊಡುವುದು ಒಟ್ಟೊಟ್ಟಿಗೇ ಇದ್ದವು. ಊರಿನ ಶಿಸ್ತು ನಿಂತದ್ದೇ ಆ ಜೋಡಿಯ ಮೇಲೆ ಎಂದು ನಾನು ನಂಬಿದ್ದೇನೆ.

ಬರೆದ ಕಾನೂನು ಕೂಡ ಇಲ್ಲಿ ಹೊಸತಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಮುಂದೆ 1901ರ ಮುಂಬಯಿ ಜಿಲ್ಲಾ ಪುರಸಭೆಗಳ ಕಾಯ್ದೆ ಬಂತು. ರಾಜ್ಯ ಒಂದಾದ ಮೇಲೆ ಅದರ ಜಾಗದಲ್ಲಿ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಬಂದು ಕೂತಿತು. ಬೀಳುವ ಹಾಗಿರುವ ಗೋಡೆ, ಪಕ್ಕದವರ ಮೇಲೆ ವಾಲಿದ ಮರ, ರಸ್ತೆಗೆ ಹರಿಯುವ ಕೊಳಕು ನೀರು, ಹಾವು ಸೊಳ್ಳೆ ಸೇರುವ ಪೊದೆ – ಇವಕ್ಕೆಲ್ಲ ಮಾಲೀಕನಿಗೆ ನೋಟೀಸು ಕೊಡಬಹುದು, ವಾಯಿದೆ ಹೇಳಬಹುದು. ಆತ ಮಾಡದಿದ್ದರೆ ಪುರಸಭೆಯೇ ಆ ಕೆಲಸ ಮಾಡಿಸಿ ಖರ್ಚನ್ನು ಅವನಿಂದ ವಸೂಲು ಮಾಡಬಹುದು. ನಿಧಾನವಾಗಿ ಓದಿದರೆ ಇದರಲ್ಲಿ ಕ್ರೌರ್ಯವಿಲ್ಲ. ಪಾಗಾರದ ಆಚೆ ಮಲಗುವವರ ಮೇಲೆ, ಅದರ ಪಕ್ಕದಲ್ಲಿ ಶಾಲೆಗೆ ನಡೆದು ಹೋಗುವ ಮಕ್ಕಳ ಮೇಲೆ ಕಾಳಜಿ ಇದೆ.

ಸಣ್ಣ ಊರಿನಲ್ಲಿ ಈ ನೋಟೀಸು ತರುವವರು ಅಪರಿಚಿತರಲ್ಲ. ಬಿಲ್ ಕಲೆಕ್ಟರ್ ಅದೇ ವಾರ್ಡಿನಲ್ಲಿ ವರ್ಷಗಟ್ಟಲೆ ತಿರುಗಿದವರು, ಆರೋಗ್ಯ ನಿರೀಕ್ಷಕರ ಮಗಳು ನಮ್ಮ ಮಗಳ ತರಗತಿಯಲ್ಲಿ ಓದಿದವಳು. “ಅಕ್ಕೋರೇ, ಈ ಮಾವಿನ ಟೊಂಗೆ ಕರೆಂಟಿನ ತಂತಿಗೆ ತಾಗ್ತಾ ಇದೆ, ಮಳೆಯ ಮೊದಲು ಕಡಿಸಿಬಿಡಿ” ಎಂದು ಜಗಲಿಯಲ್ಲಿ ನಿಂತು ಹೇಳುತ್ತಾರೆ. ಅಕ್ಕೋರು ನೀರು, ಬೆಲ್ಲ ಕೊಟ್ಟು ಕೂರಿಸಿ, ಕಡಿಯುವವರು ಸಿಕ್ಕುತ್ತಿಲ್ಲವೆಂದು ಹೇಳುತ್ತಾರೆ. ಅವರು ಒಂದು ಫೋನ್ ನಂಬರು ಕೊಟ್ಟು ಹೋಗುತ್ತಾರೆ. ವಾರದೊಳಗೆ ಟೊಂಗೆ ಇಳಿಯುತ್ತದೆ. ಬರೆದ ನೋಟೀಸು ಚೀಲದಿಂದ ಹೊರಗೆ ಬಂದಿರುವುದೇ ಇಲ್ಲ. ಇದನ್ನು ಸಡಿಲ ಆಡಳಿತ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾನೂನಿನ ಉದ್ದೇಶ ಈಡೇರಿತಲ್ಲ!

ಆದರೆ ಜಗಲಿಯಲ್ಲಿ ಯಾರೂ ಇಲ್ಲದ ಮನೆಯ ಮುಂದೆ ಈ ದಾರಿ ನಿಂತುಬಿಡುತ್ತದೆ.

ಅಂಥ ಮನೆಗಳು ಏಕೆ ಇಷ್ಟು ಎಂದು ಕೇಳಿದರೆ ಸ್ವಲ್ಪ ಹಿಂದೆ ಹೋಗಬೇಕು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂತು. ಊರಿನ ಹೆಸರೇ ಆ ಹತ್ತಿಗೆ ಅಂಟಿಕೊಂಡು ದೂರದ ಪೇಟೆಗಳ ತನಕ ಹೋಯಿತು. 1880ರ ದಶಕದಲ್ಲಿ ಮುರ್ಮುಗೋವಾ ಬಂದರಿನ ಕಡೆ ರೈಲುದಾರಿ ಬೆಳೆದಾಗ ಸರಕು ಅತ್ತ ತಿರುಗಿತು. ಸರಕಿನ ಹಿಂದೆ ಜನವೂ ಹೊರಟರು. ಕುಮಟೆ ಹೊನ್ನಾವರದವರು ಮುಂಬಯಿಗೆ, ಹುಬ್ಬಳ್ಳಿಗೆ, ಆಮೇಲೆ ಬೆಂಗಳೂರಿಗೆ. ಭಟ್ಕಳದ ನವಾಯತರು ಮೊದಲು ಮದ್ರಾಸು, ಕಲ್ಕತ್ತೆ ಮುಂತಾದ ಪೇಟೆಗಳಿಗೆ, ಬಳಿಕ ಕೊಲ್ಲಿಯ ದೇಶಗಳಿಗೆ. ದುಡಿದ ಹಣ ಊರಿಗೆ ಬಂದು ಮನೆಯಾಯಿತು, ದುಡಿಯುವವರು ದೂರವೇ ಉಳಿದರು. ಈಗ ಚೌತಿಗೆ, ಬಂಡಿಹಬ್ಬಕ್ಕೆ, ಈದ್‌ಗೆ, ಮದುವೆಗೆ ಬಾಗಿಲು ತೆರೆಯುತ್ತದೆ. ಹಬ್ಬ ಮುಗಿದರೆ ಮತ್ತೆ ಬೀಗ.

ಬೀಗ ಹಾಕಿದ ಮನೆ ಒಂದೇ ಸಲ ಬೀಳುವುದಿಲ್ಲ. ಗಾಳಿಗೆ ಒಂದು ಹಂಚು ಜಾರುತ್ತದೆ. ಆ ಕಿಂಡಿಯಿಂದ ಇಳಿದ ನೀರು ರೀಪನ್ನು ನೆನೆಸುತ್ತದೆ, ಪಕಾಸನ್ನು ನೆನೆಸುತ್ತದೆ. ನೆನೆದ ಮರಕ್ಕೆ ಒರಲೆ ಹತ್ತುತ್ತದೆ. ಪಕಾಸು ಕುಸಿದಾಗ ಸಾಲಿಗೆ ಸಾಲೇ ಹಂಚು ಜಾರಿ, ಚಿರೇಕಲ್ಲಿನ ಗೋಡೆ ಬೆತ್ತಲಾಗುತ್ತದೆ. ಹಳೆಯ ಗೋಡೆಗಳ ಕಲ್ಲುಗಳ ನಡುವೆ ಇರುವುದು ಮಣ್ಣು. ಅದು ಕರಗಿ ಹೋದ ಮೇಲೆ, ಯಾವುದೋ ಆರಿದ್ರಾ ಮಳೆಯ ರಾತ್ರಿ ಗೋಡೆ ಪಕ್ಕದ ಮನೆಯ ಹಿತ್ತಲಿಗೆ ಬೀಳುತ್ತದೆ. ಮೊದಲ ವರ್ಷ ಬೇಕಾಗಿದ್ದದ್ದು ಒಂದು ಹಂಚು, ಅರ್ಧ ದಿನದ ಕೂಲಿ.

ಪುರಸಭೆಯ ಕಡತದಲ್ಲಿ ಆ ಮನೆಯ ಮೇಲೆ ಯಾವ ಬಾಕಿಯೂ ಇರುವುದಿಲ್ಲ. ರಾಜ್ಯದ ಪಟ್ಟಣಗಳಲ್ಲಿ 2002ರಿಂದ ಮಾಲೀಕರೇ ಲೆಕ್ಕ ಹಾಕಿ ಆಸ್ತಿ ತೆರಿಗೆ ಕಟ್ಟುವ ಪದ್ಧತಿ ಇದೆ, ಏಪ್ರಿಲಿನಲ್ಲಿ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಎಷ್ಟೋ ಕುಟುಂಬಗಳು ದೂರದಿಂದಲೇ ತಪ್ಪದೆ ಕಟ್ಟುತ್ತವೆ, ಏಕೆಂದರೆ ಆ ರಸೀದಿ ಹಕ್ಕಿನ ಆಧಾರ. ಮಾಡು ಜರಿಯುತ್ತಿರುತ್ತದೆ, ರಸೀದಿಯ ಕಟ್ಟು ಬೆಳೆಯುತ್ತಿರುತ್ತದೆ. ಖಾತೆ ಮಾತ್ರ ಇನ್ನೂ ಅಜ್ಜನ ಹೆಸರಿನಲ್ಲೇ. ಹಿಸ್ಸೆಯಾಗದ ಆಸ್ತಿಗೆ ಮುಂಬಯಿಯಲ್ಲೊಬ್ಬ, ಮಸ್ಕತ್ತಿನಲ್ಲೊಬ್ಬ, ಶಿರಸಿಗೆ ಮದುವೆಯಾಗಿ ಹೋದ ಅಕ್ಕ. ರಿಪೇರಿ ಮಾಡಿಸಿದವನು ಮುಂದೆ ಹಕ್ಕು ಸಾಧಿಸಿಯಾನೆಂದು ಉಳಿದವರಿಗೆ ಅಂಜಿಕೆ, ಮಾಡಿಸಿದ ಖರ್ಚು ಮುಳುಗೀತೆಂದು ಅವನಿಗೆ ಅಂಜಿಕೆ. ತೀರಿಹೋದ ಅಜ್ಜನ ಹೆಸರಿಗೆ ಬರೆದ ನೋಟೀಸು ಬಾಗಿಲ ಮೇಲೆ ಅಂಟಿ, ಮಳೆಗೆ ತೊಳೆದು ಹೋಗುತ್ತದೆ.

ನಷ್ಟ ಆ ಮನೆಯವರಿಗಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಬೀಗ ಹಾಕಿದ ಮನೆಯಲ್ಲಿ ನಿಂತ ನೀರು ಸೊಳ್ಳೆಯನ್ನೂ ಬೆಳೆಸುತ್ತದೆ. 2024ರಲ್ಲಿ ಡೆಂಗಿ ಜ್ವರ ಹೆಚ್ಚಿದಾಗ ರಾಜ್ಯ ಸರಕಾರ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತು ಮಾಡಿತು: ಪಟ್ಟಣದ ಮನೆಗೆ 400 ರೂಪಾಯಿ, ಖಾಲಿ ಜಾಗಕ್ಕೆ ಮತ್ತು ಕಟ್ಟಡದ ಕೆಲಸ ನಡೆಯುವ ಕಡೆಗೆ 2000 ರೂಪಾಯಿ. ಖಾಲಿ ಜಾಗಕ್ಕೆ ಹೆಚ್ಚು ಇಟ್ಟದ್ದು ಸರಿಯಾಗಿಯೇ ಇದೆ. ಆದರೆ ಜ್ವರ ಬರುವುದು ಪಕ್ಕದ ಮನೆಯ ಕೂಸಿಗೆ, ದಂಡದ ಚೀಟಿ ಹುಡುಕುವುದು ಕಡಲಾಚೆಯವನನ್ನು.

ಭಟ್ಕಳಕ್ಕೆ ಇನ್ನೂ ಒಂದು ಕಟ್ಟಳೆ ಇದೆ. ಅಲ್ಲಿಯ ಕೇತಪೈ ನಾರಾಯಣ ದೇವಸ್ಥಾನ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಮೊದಲಾದವು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. ಕೇತಪೈ ದೇವಸ್ಥಾನವನ್ನು ನೋಡಿದವರಿಗೆ ಗೊತ್ತು, ಕಲ್ಲಿನಲ್ಲಿ ಕಟ್ಟಿದವರೂ ಹಾಸುಗಲ್ಲುಗಳನ್ನು ನಮ್ಮ ಹಂಚಿನ ಮಾಡಿನ ಹಾಗೆ ಇಳಿಜಾರಾಗಿಯೇ ಹೊದಿಸಿದ್ದಾರೆ. ಈ ಮಳೆಯನ್ನು ಅವರು ಬಲ್ಲವರಾಗಿದ್ದರು. ಅಂಥ ಕಟ್ಟಡ ಉಳಿಯಲೇಬೇಕು, ಅದರ ಸುತ್ತ ಕಾನೂನು ಬಿಗಿಯಾಗಿರಲೇಬೇಕು. ಅದರ ನೆರಳಿನಲ್ಲಿ ಬದುಕುವವರ ಸೋರುವ ಮಾಡಿನ ಅರ್ಜಿಗೆ ಮಾತ್ರ ಮಳೆಗಾಲದ ಮೊದಲೇ ಉತ್ತರ ಸಿಗಬೇಕು. ಮಿರ್ಗ ಕಡತಕ್ಕಾಗಿ ಕಾಯುವುದಿಲ್ಲ.

ಹಾಗೆಯೇ ಜವಾಬ್ದಾರಿ ಸಣ್ಣ ಮಾಲೀಕನ ಪಾಗಾರಕ್ಕೇ ಮುಗಿಯಬಾರದು. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಿದ್ದು ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡವೇ ಇಳಿಯಿತು. ಅಜ್ಜಿಯ ಮನೆಯ ವಾಲಿದ ಗೋಡೆಯನ್ನು ನೋಡುವ ಕಣ್ಣು ಕಡಿದಿಟ್ಟ ಗುಡ್ಡವನ್ನೂ, ಮುಚ್ಚಿಹೋದ ಗಟಾರವನ್ನೂ ಅದೇ ಕಾಳಜಿಯಿಂದ ನೋಡಿದರೆ ಮಾತ್ರ ಜನ ಕಾನೂನನ್ನು ತಮ್ಮದೆಂದು ಒಪ್ಪುತ್ತಾರೆ.

ಬೇಕಾದದ್ದು ಹೊಸ ಕಾಯ್ದೆಯಲ್ಲ. ಪ್ರತಿ ವಾರ್ಡಿನಲ್ಲೂ ಬೀಗ ಹಾಕಿದ ಮನೆಗಳ ಪಟ್ಟಿ ಮಾಡಲಿ. ಕೀಲಿ ಯಾರ ಹತ್ತಿರ, ದೂರದಲ್ಲಿರುವವರ ಫೋನು ಯಾವುದು ಎಂಬುದು ನೆರೆಮನೆಗೆ ಗೊತ್ತಿರುತ್ತದೆ, ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಮಾರ್ಚಿನಲ್ಲೇ ಕರೆ ಹೋಗಲಿ. ಉತ್ತರ ಬಾರದಿದ್ದರೆ ಪುರಸಭೆಯೇ ಹಂಚು ಕೈಯಾಡಿಸಿ, ಮರ ಕಡಿಸಿ, ಬಾವಿಗೆ ಬಲೆ ಹಾಕಿಸಿ ಖರ್ಚನ್ನು ತೆರಿಗೆಯ ಜೊತೆ ಬರೆಯಲಿ. ಗೋಡೆ ಕೆಡವಿಸುವುದಕ್ಕಿಂತ ಅದು ಎಷ್ಟೋ ಅಗ್ಗ. ಖಾತೆಯ ಜಗಳ ಕೋರ್ಟಿನಲ್ಲಿ ಅದರ ಪಾಡಿಗೆ ನಡೆಯಲಿ, ಮಾಡು ರಿಪೇರಿ ಮಾಡಿಸಿದ ಮಾತ್ರಕ್ಕೆ ಯಾರ ಹಿಸ್ಸೆಯೂ ಹೆಚ್ಚು ಕಡಿಮೆ ಆಗುವುದಿಲ್ಲವೆಂದು ಅಣ್ಣತಮ್ಮಂದಿರು ಒಂದು ಕಾಗದದ ಮೇಲೆ ಬರೆದುಕೊಳ್ಳಲಿ.

ದೂರದಲ್ಲಿರುವ ನಮ್ಮವರಿಗೆ ನನ್ನ ವಿನಂತಿ ಇಷ್ಟೇ. ಏಪ್ರಿಲಿನಲ್ಲಿ ತೆರಿಗೆ ಕಟ್ಟುವ ದಿನವೇ ಪಕ್ಕದ ಮನೆಗೂ ಒಂದು ಫೋನು ಮಾಡಿ, ಹಂಚಿನ ಖರ್ಚು ಕಳಿಸಿ, ಒಂದು ಕೀಲಿ ಅವರ ಹತ್ತಿರ ಬಿಡಿ. ಊರಿನಲ್ಲಿ ಮನೆ ಇಟ್ಟುಕೊಂಡವರು ಆ ಊರಿನವರಾಗಿ ಉಳಿಯುವುದು ಪಕ್ಕದ ಮನೆಯವರು ಮಳೆಗಾಲದಲ್ಲಿ ನಿಶ್ಚಿಂತೆಯಾಗಿ ಮಲಗುವಂತೆ ನೋಡಿಕೊಂಡಾಗ. ಅಷ್ಟನ್ನು ಪ್ರತಿ ಮಾಲೀಕನಿಂದ ಕೇಳುವ ಹಕ್ಕು ಪುರಸಭೆಗಿದೆ, ಕೇಳಿದ ಮೇಲೆ ಏಣಿ ಹಿಡಿದುಕೊಳ್ಳುವ ಕರ್ತವ್ಯವೂ ಅದಕ್ಕಿದೆ.