ಆ ಹುಡುಗಿ ಯಾರ ಮನೆಯವಳು?

ಕೆಲವು ವರ್ಷಗಳ ಹಿಂದೆ ನಾವೊಂದು ಪ್ರೇಮಕಥೆ ಬರೆದೆವು. ಹೊಲಿಗೆ ಮಷೀನು ರಿಪೇರಿಗೆ ಬರುವ ಹುಡುಗ, ಆ ಮನೆಯ ಹುಡುಗಿ, ಇಬ್ಬರೂ ಮುಸ್ಲಿಮರು. ಸರಿಯಾಗಿದ್ದ ಮಷೀನು ಪದೇ ಪದೇ ಕೆಡತೊಡಗುತ್ತದೆ. ಕೊನೆಗೆ ಇಬ್ಬರ ನಿಕಾಹ್ ಆಗುತ್ತದೆ. ಅಷ್ಟೇ ಕಥೆ.

ಪತ್ರಿಕೆಯೊಂದು ಅದನ್ನು ಹಿಂದಿರುಗಿಸಿತು. 'ಇದರಲ್ಲಿ ತಲಾಖ್ ಇಲ್ಲ, ಬುರ್ಖಾದ ಸಮಸ್ಯೆ ಇಲ್ಲ. ಮುಸ್ಲಿಂ ಬದುಕು ಎಲ್ಲಿದೆ?' ಎಂದು ಜೊತೆಗಿದ್ದ ಚೀಟಿ ಕೇಳಿತ್ತು. ಬೇರೊಂದು ಕಡೆ ಅದು ಅಚ್ಚಾದಾಗ ಮಾಮು ನಮ್ಮನ್ನು ಕರೆದು ಕೂರಿಸಿಕೊಂಡರು. "ಕಥೆ ಬರಿ ಬೇಟಾ, ಬೇಡ ಅನ್ನಲ್ಲ. ಆದರೆ ನಮ್ಮ ಹುಡುಗಿ ಕಿಟಕಿಯಲ್ಲಿ ನಿಂತು ನಕ್ಕಳು ಅಂತ ಯಾಕೆ ಬರೀಬೇಕು? ಯಾರ ಮನೆ ಹುಡುಗಿ ಅಂತ ಜನ ಕೇಳ್ತಾರೆ" ಎಂದರು.

ಹೊರಗಿನವರಿಗೆ ನಮ್ಮ ಕಣ್ಣೀರು ಸಾಕು, ನಗು ಬೇಡ. ಒಳಗಿನವರಿಗೆ ನಮ್ಮ ನಗು ಹೊರಗೆ ಕೇಳಿಸಬಾರದು. ಮನೆಯಲ್ಲಿ ಉರ್ದು ಅಫ್ಸಾನೆ, ಶಾಲೆಯಲ್ಲಿ ಕನ್ನಡ ಕಥೆ ಓದಿ ಬೆಳೆದ ನಾವು ಎಲ್ಲಿ ನಿಂತು ಬರೆಯಬೇಕು?

ಆಗ ನಮ್ಮ ಕೈ ಹಿಡಿದವರು ನೆರೆಯ ಕೇರಳದ ವೈಕಂ ಮುಹಮ್ಮದ್ ಬಷೀರ್. 1908ರಲ್ಲಿ ತಲಯೋಲಪರಂಬಿನಲ್ಲಿ ಹುಟ್ಟಿದ ಇವರು ಗಾಂಧೀಜಿಯ ಕರೆಗೆ ಓಗೊಟ್ಟು ಮನೆ ಬಿಟ್ಟವರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಸೇರಿದರು. ಆಮೇಲೆ ವರ್ಷಗಟ್ಟಲೆ ದೇಶ ಸುತ್ತಿದರು. ಅಡುಗೆ ಮಾಡಿದರು, ಹಣ್ಣು ಮಾರಿದರು. ಹಿಂದೂ ಸನ್ಯಾಸಿಗಳ ಜೊತೆಗೂ ಸೂಫಿ ಫಕೀರರ ಜೊತೆಗೂ ಬದುಕಿದರು. ಬಹುಸಂಸ್ಕೃತಿ ಅವರಿಗೆ ಭಾಷಣದ ವಿಷಯವಲ್ಲ, ಹಸಿದಾಗ ಅನ್ನ ಹಾಕಿದ ಮನೆ.

ಇಂಥ ಬದುಕು ಕಥೆಗೆ ಇಳಿಯದೆ ಇರುತ್ತದೆಯೇ? ಜೈಲಿನಲ್ಲಿ ಬರೆದ 'ಪ್ರೇಮಲೇಖನಂ' 1943ರಲ್ಲಿ ಹೊರಬಂತು. ಅದರಲ್ಲಿ ಕೇಶವನ್ ನಾಯರ್ ಮತ್ತು ಕ್ರೈಸ್ತ ಹುಡುಗಿ ಸಾರಮ್ಮ ಇನ್ನೂ ಹುಟ್ಟದ ಮಗುವಿಗೆ ಯಾವ ಧರ್ಮದ ಗುರುತೂ ಇಲ್ಲದ ಹೆಸರು ಹುಡುಕುತ್ತಾರೆ. ಚೀಟಿ ಎತ್ತಿದಾಗ ಸಿಕ್ಕಿದ್ದು 'ಆಕಾಶ ಮಿಠಾಯಿ'! ಇಷ್ಟು ಸಿಹಿಯಾದ ತಮಾಷೆಯನ್ನೂ ತಿರುವಾಂಕೂರು ಸರಕಾರ ನಿಷೇಧಿಸಿತು. 1944ರ 'ಬಾಲ್ಯಕಾಲಸಖಿ'ಯ ಮಜೀದನೂ ಬಷೀರರಂತೆಯೇ ಮನೆ ಬಿಟ್ಟು ಊರೂರು ಅಲೆದವನು. ಅವನು ತಿರುಗಿ ಬರುವಷ್ಟರಲ್ಲಿ ಸುಹರಾಳನ್ನು ಬೇರೆಯವನಿಗೆ ಕೊಟ್ಟು ಮದುವೆಯಾಗಿರುತ್ತದೆ.

ಮುಂದೆ ಬರೆದ 'ಮತಿಲುಕಳ್' ಅಂದರೆ ಗೋಡೆಗಳು. ಜೈಲಿನ ಗೋಡೆಯಾಚೆ ಹೆಂಗಸರ ಬಂದೀಖಾನೆ, ಅಲ್ಲಿಂದ ನಾರಾಯಣಿಯ ದನಿ. ಮುಖ ಕಾಣದ ಪ್ರೀತಿ. ಭೇಟಿಯ ದಿನ ಗೊತ್ತಾಗುವ ಹೊತ್ತಿಗೆ ಬಿಡುಗಡೆಯ ಆದೇಶ ಬರುತ್ತದೆ. ಆ ಸ್ವಾತಂತ್ರ್ಯ ಅವನಿಗೆ ಬೇಡವಾಗಿರುತ್ತದೆ. 1990ರಲ್ಲಿ ಬಂದ ಅಡೂರ್ ಗೋಪಾಲಕೃಷ್ಣನ್ ಅವರ ಚಲನಚಿತ್ರದಲ್ಲೂ ನಾರಾಯಣಿ ಕಾಣುವುದಿಲ್ಲ, ಕೇಳಿಸುತ್ತಾಳೆ ಅಷ್ಟೆ.

ಇದನ್ನೆಲ್ಲ ಹೇಳಿ ಮಾಮುವಿನ ಬಾಯಿ ಮುಚ್ಚಿಸಬಹುದಿತ್ತು. ಆದರೆ ಒಂದು ವಿಷಯ ನಮ್ಮನ್ನು ತಡೆಯಿತು. 'ಮತಿಲುಕಳ್'ನ ಕೈದಿಯ ಹೆಸರು ಬಷೀರ್. ಅವರು ತಮ್ಮ ಹೃದಯವನ್ನೇ, ತಮ್ಮದೇ ಹೆಸರಿನಲ್ಲಿ ಬಯಲಿಗಿಟ್ಟರು. ನಾವು? ನಮ್ಮ ಕಥೆಯ ಮಷೀನು ನಮ್ಮ ಮನೆಯದು. ಕಿಟಕಿಯಲ್ಲಿ ನಿಂತಿದ್ದವಳು ನಮ್ಮ ಆಪಾ. ಆ ಹುಡುಗ ಒಂದು ದಿನ ಬರುವುದನ್ನು ನಿಲ್ಲಿಸಿದ. ಆಪಾಳನ್ನು ದೂರದ ಊರಿಗೆ ಮದುವೆ ಮಾಡಿ ಕಳಿಸಿದರು. ಕಥೆಯ ನಿಕಾಹ್ ಮಾತ್ರ ನಾವು ಕಟ್ಟಿದ್ದು. ಬರೆಯುವ ಸ್ವಾತಂತ್ರ್ಯ ನಮ್ಮದು, ನಿಜ. ಬದುಕು ಅವಳದಾಗಿತ್ತು. ಅವಳನ್ನು ನಾವು ಒಂದು ಮಾತೂ ಕೇಳಿರಲಿಲ್ಲ. ಮಾಮುವಿನ ಪ್ರಶ್ನೆ ಪೂರ್ತಿ ತಪ್ಪಲ್ಲ ಎಂದು ಆಗ ಹೊಳೆಯಿತು.

ಹೋದ ಈದ್‌ಗೆ ಆಪಾ ಬಂದಿದ್ದಳು. ಅಳುಕುತ್ತಲೇ ಪತ್ರಿಕೆ ಅವಳ ಕೈಗಿಟ್ಟೆವು. ಓದಿ ಮುಗಿಸಿ ತುಂಬ ಹೊತ್ತು ಸುಮ್ಮನಿದ್ದಳು. ಬೈಯುತ್ತಾಳೆಂದು ಕಾದೆವು.

"ಮಷೀನು ಸಿಂಗರ್ ಅಂತ ಬರೆದಿದ್ದೀಯಲ್ಲೋ," ಎಂದಳು, "ನಮ್ಮದು ಉಷಾ."