ಉಪ್ಪುಗಾಳಿಯೂ ವೈರಿನ ಗಂಟೂ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಪಡುವಣಕ್ಕೆ ಹೆಜ್ಜೆ ಹಾಕಿದರೆ ಮೀನಿನ ವಾಸನೆಯೇ ದಾರಿ ತೋರಿಸುತ್ತದೆ. ಕೊಂಚ ದೂರದಲ್ಲೇ ದಕ್ಕೆ. ಗುರುಪುರ ನದಿ ನೇತ್ರಾವತಿಯನ್ನು ಕೂಡಿ ಕಡಲು ಸೇರುವ ಮುನ್ನ ಸಿಗುವ ಹಳೆ ಬಂದರಿನ ಅಂಚು ಇದು. ಎದುರು ದಡ ಬೆಂಗರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಇಲ್ಲಿ ಬೋಟುಗಳದ್ದೇ ಜಾತ್ರೆ. ಒಂದರ ಮೈಗೆ ಇನ್ನೊಂದು ತಾಗಿ ನಿಂತಿರುತ್ತವೆ. ಬಣ್ಣ ಬಳಿಯುವುದು, ಬಲೆ ಸರಿಪಡಿಸುವುದು, ಎಂಜಿನ್ ಬಿಚ್ಚುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಬೀಳದ ಕೆಲಸ ಒಂದಿದೆ: ವೈರಿಂಗ್.

ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು ಹತ್ತು ದಿನಗಳ ಮಟ್ಟಿಗೆ ಅದರಲ್ಲಿರುವವರ ಮನೆಯೇ. ಪರದೇಶಗಳಲ್ಲಿ ಗಾಲಿಯ ಮೇಲೆ ಮನೆ ಕಟ್ಟಿಕೊಂಡು ಊರೂರು ಸುತ್ತುತ್ತಾರಲ್ಲ, ಇದು ಅದರ ತೇಲುವ ತಮ್ಮ. ಕರೆಂಟು ಕಂಬ ಇಲ್ಲಿಲ್ಲ. ಎಂಜಿನ್ ತಿರುಗುವಾಗ ಬ್ಯಾಟರಿಗೆ ತುಂಬಿಕೊಂಡದ್ದಷ್ಟೇ ಆಸ್ತಿ. ವೈರ್‌ಲೆಸ್, ಜಿಪಿಎಸ್, ಎಡಕ್ಕೆ ಕೆಂಪು ಬಲಕ್ಕೆ ಹಸಿರು ದೀಪ, ಅಡುಗೆ ಮೂಲೆಯ ಬಲ್ಬು, ಮೊಬೈಲ್ ಚಾರ್ಜು ಎಲ್ಲವೂ ಅದರಲ್ಲೇ ನಡೆಯಬೇಕು.

ಬ್ಯಾಟರಿಯ 24 ವೋಲ್ಟು ಏನು ಮಹಾ ಎಂದು ವಿಜ್ಞಾನದ ವಿದ್ಯಾರ್ಥಿಯೂ ಮೂಗು ಮುರಿದಾನು. ಲೆಕ್ಕ ಹಾಕಿ ನೋಡಲಿ. 60 ವಾಟಿನ ಬಲ್ಬಿಗೆ ಮನೆಯ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು. 24 ವೋಲ್ಟಿನಲ್ಲಿ ಎರಡೂವರೆ ಬೇಕು, ಅಂದರೆ ಸುಮಾರು ಹತ್ತು ಪಟ್ಟು. ಶಾಖ ಏರುವುದು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ. ಹಾಗಾಗಿ ಅದೇ ಸಡಿಲ ಗಂಟು ಹೆಚ್ಚು ಕಡಿಮೆ ನೂರು ಪಟ್ಟು ಕಾಯುತ್ತದೆ! ಶಾಕ್ ಹೊಡೆಯದಿದ್ದರೂ ಬೆಂಕಿ ಹತ್ತಬಹುದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಮಡುಗಟ್ಟಿ ಕಿಡಿಗಾಗಿ ಕಾದಿರುತ್ತದೆ. ನಡುಗಡಲಿನಲ್ಲಿ ಬೆಂಕಿ ಎಂದರೆ ಓಡುವುದೆಲ್ಲಿಗೆ?

ಕೆಡುವುದು ಬಹಳ ಸಲ ತಂತಿಯಲ್ಲ, ಗಂಟು. ಉಪ್ಪು ಗಾಳಿಯ ತೇವ ಹೀರುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಕಟ್ಟುತ್ತದೆ. ಎರಡು ತಂತಿ ಹೊಸೆದು ಟೇಪು ಸುತ್ತುವ ನಮ್ಮ ಎಂದಿನ ಚಾಳಿ ಇಲ್ಲಿ ಅತಿ ಕೆಟ್ಟದ್ದು, ಟೇಪಿನೊಳಗೆ ಸೇರಿದ ನೀರು ಹೊರಬರುವುದೇ ಇಲ್ಲ. ತವರ ಲೇಪಿಸಿದ ಎಳೆಎಳೆಯ ತಾಮ್ರದ ವೈರು ವಾಸಿ. ಒಂಟಿ ದಪ್ಪ ತಂತಿ ಎಂಜಿನ್ನಿನ ನಡುಕಕ್ಕೆ ಮುರಿಯುತ್ತದೆ. ತುದಿಗೆ ಲಗ್ ಹಾಕಿ ಒತ್ತಿ ಬಿಗಿಯಬೇಕು. ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಪೆಟ್ಟಿಗೆಗೆ ಹೊಗುವ ಮುನ್ನ ವೈರು ಒಮ್ಮೆ ಕೆಳಗಿಳಿದು ಮೇಲೇರಿದರೆ ನೀರಹನಿ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕಾಸು ಖರ್ಚಿಲ್ಲದ ಉಪಾಯ!

ಇದೇ ಗಾಳಿ ಊರೊಳಗೂ ಬೀಸುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲಿನಿಂದ ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬರುವ ಹೆತ್ತವರು ಬಾಡಿಗೆ ಕೋಣೆಯಲ್ಲಿ ಕಿಟಕಿ ನೋಡುತ್ತಾರೆ, ನೀರು ವಿಚಾರಿಸುತ್ತಾರೆ. ಪ್ಲಗ್ ಪಾಯಿಂಟನ್ನು ನೋಡುವವರು ಕಡಿಮೆ. ಸಣ್ಣ ಸಾಕೆಟ್ಟಿಗೆ 6 ಆಂಪಿಯರ್ ಮಿತಿ, ಅಂದರೆ 1380 ವಾಟ್. ಬಕೆಟ್ಟಿನ ನೀರು ಕಾಯಿಸುವ ಕಾಯಿಲ್ ಸಾಮಾನ್ಯವಾಗಿ 1500 ವಾಟಿನದು; ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ತೂತಿನ ಸುತ್ತ ಕಂದು ಕಲೆ ಇದ್ದರೆ, ಪ್ಲಗ್ ಚುಚ್ಚಿದಾಗ ಅಲ್ಲಾಡಿದರೆ, ಒಳಗಿನ ಹಿತ್ತಾಳೆ ಸಡಿಲವಾಗಿದೆ ಎಂದೇ ತಿಳಿಯಿರಿ. ಹೊಸದು ಹಾಕಿಸುವಾಗ ಐಎಸ್‌ಐ ಗುರುತಿರಲಿ. ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ತಂತಿ ಬಂದಿದೆಯೇ ಎಂಬುದನ್ನು ವೈರ್‌ಮನ್ನಿನ ಕೈಯಲ್ಲೇ ನೋಡಿಸಬೇಕು.

ಮೀಟರಿನ ಬಳಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದೂ ಕೇಳಿ. ಕರೆಂಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುವ ಸಾಧನ ಅದು. ಮೈಮೇಲೊಂದು ಟೆಸ್ಟ್ ಗುಂಡಿ ಇರುತ್ತದೆ. ಮನೆಯವರಿಗೆ ಹೇಳಿ, ಅವರ ಎದುರೇ ಅದುಮಿ ನೋಡಿ. ದೀಪ ಆರಿತೋ, ಬಾಡಿಗೆಯ ಮಾತು ಮುಂದುವರಿಸಬಹುದು.